ಸೀಮಾ ಎರಕ ಹೊಯ್ದ ಹುಸಿಮೀನು

ಕೊಲ್ಲಿ ನಾಡಿನ ಮುಶೈರಿಬ್ ಮೆಟ್ರೊ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಕನ್ನಡ ಕೇಳಿಸಿತು. ಗಂಡ ಹೆಂಡತಿ. ಆಕೆಯ ಮಾತು ಕರಾವಳಿಯದು, ಆತನದು ಗದಗದ ಕಡೆಯದು. ಆಕೆಯ ಕೈಯಲ್ಲಿ ದೊಡ್ಡ ಮೀನಿಗೆ ಆಮಿಷವಾಗಿ ನೀರಿಗೆ ಬಿಡುವ, ಸೀಸದಿಂದ ಮಾಡಿದ ಗೇಣುದ್ದದ ಹುಸಿಮೀನಿತ್ತು. ಅದಕ್ಕಿನ್ನೂ ಗಾಳ ಕಟ್ಟಿರಲಿಲ್ಲ.

“ಸೀಮಾ, ಇದು ಭಾಳ ಭಾರ ಆತಲ್ಲ?”

“ಭಾರವೇ ಇರ್ಬೇಕು. ಬೋಟು ಓಡುವಾಗ ಅಂಗಡಿಯದ್ದು ಮೇಲೆ ತೇಲ್ತದೆ. ಅಂಜಲ್ ಮೀನು ಇರುವುದು ಕೆಳಗೆ.”

“ಅದಕ್ಕ ಹೋದ ಶುಕ್ರವಾರ ನಮಗ ಒಂದೂ ಬೀಳಲಿಲ್ಲ ನೋಡು.”

“ಹಾಗಾಗಿಯೇ ಮಾಡಿದ್ದು. ಗಂಗೊಳ್ಳಿಯಲ್ಲಿ ಅಪ್ಪ ಸೀಸ ಹೊಯ್ಯುವಾಗ ಅಚ್ಚು ಹಿಡ್ಕೊಳ್ತಿದ್ದದ್ದು ನಾನೇ.”

“ಕೊಡು ಹಂಗಾರ. ನಾಳೆ ಸಲಾಂ ಭಾಯ್ ಬೋಟಿನ್ಯಾಗ ಕಟ್ತೀನಿ.”

“ಇದು ನನ್ನ ಜೊತೆಗೇ ಬರ್ತದೆ ಮಾರಾಯ್ರೆ.”

“ಅಲ್ಲೆ ಬರೇ ಗಂಡಸರ ಇರ್ತೀವಿ.”

“ಮೀನಿಗೆ ಅದು ಗೊತ್ತುಂಟಾ?”

ಆತ ಜೋರಾಗಿ ನಕ್ಕು, ಫೋನ್ ತೆಗೆದು ಕಿವಿಗಿಟ್ಟುಕೊಂಡ.

“ಸಲಾಂ ಭಾಯ್, ನಾಳೆ ನನ್ನ ಹೆಂಡತೀನೂ ಬರ್ತಾಳ... ಏ, ಸಮುದ್ರ ನೋಡಾಕಲ್ಲ. ಮೀನು ಹಿಡ್ಯಾಕ.”

ರೈಲು ಬಂತು. ಹುಸಿಮೀನನ್ನು ಚೀಲಕ್ಕೆ ಹಾಕಿಕೊಂಡು ಆಕೆ ಮುಂದೆ ಹತ್ತಿದಳು. ಆತ ಮಾತಾಡುತ್ತಲೇ ಹಿಂದೆ ಹೋದ.