ಆಗಿಹೋದ ಆರತಿ

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ, ಎಸ್‌ಟಿಡಿ ಬೂತಿನ ನೆರಳಿಗೆ, ಆಸ್ಪತ್ರೆಯಿಂದ ಬಂದ ಗಂಡ ಹೆಂಡತಿ ನನ್ನ ಪಕ್ಕ ನಿಂತರು. ನಡುವೆ ಹದಿನೆಂಟರ ಮಗಳು. ಎತ್ತರ ಮಾತ್ರ ಹನ್ನೆರಡರ ಹುಡುಗಿಯದು.

“ಹುಟ್ಟಿನಿಂದ್ಲೇ ಒಂದು ಕ್ರೋಮೋಸೋಮ್ ಇಲ್ಲಂತ. ಇಕಿ ಒಮ್ಮಿನೂ ಮುಟ್ಟಾಗಿಲ್ಲಂತ,” ಎಂದ ಗಂಡ. “ಮತ್ತ ನೀ ನಾಕ್ ವರ್ಷದ ಹಿಂದ ಮಾಡಿದ ಆರತಿ ಯಾತರದು?”

“ವಠಾರದಾಗ ಎಲ್ಲಾರೂ ಕೇಳ್ತಿದ್ರು. ಬಾಯಿ ಮುಚ್ಚಿಸ್ಲಿಕ್ಕೆ ದೊಡ್ಡಾಕಿ ಆದ್ಲು ಅಂದೆ.”

“ನನಗೂ ಹಂಗ ಅಂದಿ.”

“ಖರೆ ಹೇಳಿದ್ರ ನಿಮ್ಮವ್ವನ ಮುಂದ ಹೇಳ್ತಿದ್ರಿ.”

“ಆಗ್ಲೇ ತೋರ್ಸಿದ್ರ ಇನ್ನಷ್ಟು ಎತ್ತರ ಬೆಳೀತಿದ್ಲಂತ!”

“ಈಗರ ಗುಳಿಗಿ ತಗೊಂಡ್ರ ಮುಟ್ಟು ಬರ್ತದಂತಲ್ಲ.”

ಮಗಳು ಕೇಳಿದಳು:

“ಖರೇನ ಬಂದ್ರ ಯಾರಿಗೆ ಹೇಳ್ತೀ, ಅವ್ವಾ?”

ಕೆ.ಆರ್. ಪುರದ ಬಸ್ ಬಂತು. ತಾಯಿ ಮೊದಲು ಹತ್ತಿದಳು.