ವೆಂಡೆಲ್‌ಗೆಂದು ಬಿಟ್ಟ ಜಾಗ

ಹಾರ್ಲೆಮ್‌ನ ಬಸ್ ನಿಲ್ದಾಣದಲ್ಲಿ ನರ್ಸ್ ಲುವೆಲ್ಲಾಳ ಪಕ್ಕಕ್ಕೆ ಇಬ್ಬರು ವಾದ್ಯಗಾರರು ಬಂದು ನಿಂತರು. ಆಳೆತ್ತರದ ಬಾಸ್ ಪಿಟೀಲು ಹಿಡಿದಿದ್ದವನು ಅಮೋಸ್. ಡ್ರಮ್ ಕೋಲು ಹಿಡಿದಿದ್ದವನು ಕ್ಲೈಡ್.

“ನಮ್ಮ ಗ್ರಾಮಫೋನ್ ಪ್ಲೇಟ್ ಕೇಳಿದ್ಯಾ, ಅಮೋಸ್?”

“ಕೇಳ್ದೆ. ಎತ್ತಿ ಬಿಸಾಡೋಣ ಅನ್ನಿಸ್ತು ಕಣೋ.”

“ಮಧ್ಯದಲ್ಲಿ ಎಂಟು ಎಣಿಸೋವಷ್ಟು ಹೊತ್ತು ಎಲ್ಲರೂ ಸುಮ್ನಿದ್ವಲ್ಲ, ರೆಕಾರ್ಡ್ ಕಂಪನಿ ಸಾಹೇಬ ಅಷ್ಟನ್ನೂ ಟೇಪಿಂದ ಬ್ಲೇಡಲ್ಲಿ ಕುಯ್ದು, ಎರಡು ತುದಿ ಸೇರಿಸಿ ಅಂಟಿಸ್ಬಿಟ್ಟಿದಾನೆ.”

“ಅದು ವೆಂಡೆಲ್ ಪಿಯಾನೋ ಬಾರಿಸ್ಬೇಕಿದ್ದ ಜಾಗ, ಅವನನ್ನ ಮಣ್ಣು ಮಾಡಿ ಬಂದು ಖಾಲಿ ಬಿಟ್ವಿ ಅಂತ ಆ ಕಂಪನಿ ಸಾಹೇಬನಿಗೆ ಹೇಳಿದ್ಯಾ?”

“ಹೇಳ್ದೆ. ಅಷ್ಟು ಹೊತ್ತು ಸದ್ದಿಲ್ಲದಿದ್ರೆ ರೇಡಿಯೋದವ್ರು ಪ್ಲೇಟೇ ಕೆಟ್ಟಿದೆ ಅನ್ಕೋತಾರಂತೆ. ಸ್ಯಾಂಡ್‌ವಿಚ್ ಅಗೀತಾ ಹೇಳ್ದ.”

“ಥೂ, ಅವನ ಮುಖಕ್ಕಿಷ್ಟು!”

“ವೆಂಡೆಲ್ ಅಮ್ಮ ಭಾನುವಾರ ಚರ್ಚಿಂದ ಬಂದು ಪ್ಲೇಟ್ ಕೇಳ್ತೀನಿ ಅಂತ ಕಾಯ್ತಿದಾರೆ. ಮಗನ ಜಾಗ ಎಲ್ಲಿ ಅಂದ್ರೆ?”

“ಈ ದರಿದ್ರ ಪ್ಲೇಟ್ ಅವ್ರ ಮನೆ ಮೆಟ್ಟಿಲು ಹತ್ತೋದು ಬೇಡ. ನಾವೇ ಹೋಗಿ ಬಾರಿಸೋಣ.”

“ಅಲ್ಲಿರೋ ವೆಂಡೆಲ್ ಪಿಯಾನೋಗೆ ಯಾರು?”

“ಯಾರೂ ಕೂರೋದು ಬೇಡ. ಮುಚ್ಚಳ ಮಾತ್ರ ತೆಗೆದಿಡು.”

ಬಸ್ ಬಂತು. ಬಾಸನ್ನು ಮಗುವಿನಂತೆ ತಬ್ಬಿ ಇಬ್ಬರೂ ಹತ್ತಿದರು. ಬಸ್ ತಿರುವಿನಲ್ಲಿ ಮರೆಯಾದ ಮೇಲೆ, ತನ್ನ ಬಸ್ಸಿಗೆ ಇನ್ನೂ ಕಾಯುತ್ತಿದ್ದ ಲುವೆಲ್ಲಾ, ತನಗೇ ಅರಿವಿಲ್ಲದೆ, ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿದಳು.