ತಲೆಯಲ್ಲಿ ಏನಿದೆ, ನೋಡಿ

...ಇಲ್ಲ ಮೇಡಂ, ಕೂರೋದಿಲ್ಲ. ನಿಂತೇ ಹೇಳ್ತೀನಿ. ಕೂತರೆ ನನ್ನ ಸಿಟ್ಟು ಇಳಿದುಬಿಡುತ್ತೆ, ಇವತ್ತು ಅದು ಇಳಿಯಬಾರದು. ನೀವು ಈ ಶಾಲೆಗೆ ಹೆಡ್‌ಮೇಡಂ ಇರಬಹುದು. ಆದರೆ ಇಲ್ಲಿ ಓಡಾಡೋ ಮುನ್ನೂರು ಮಕ್ಕಳ ಯೂನಿಫಾರಂ ಹೊಲಿದವನು ನಾನು. ಮೊದಲೇ ಹೇಳಿಬಿಡ್ತೀನಿ, ನನ್ನ ಮಾತಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಕತ್ತರಿ ಮೊಂಡಾಗಲಿ, ಸೂಜಿಯ ಕಣ್ಣು ಕುರುಡಾಗಲಿ, ಕೊರಳಲ್ಲಿರೋ ಈ ಟೇಪೇ ನನಗೆ ಉರುಳಾಗಲಿ! ಯಾಕೆ ನಗ್ತೀರಿ? ಟೈಲರ್ ಆಣೆ ಅಂದರೆ ಹಾಗೇನೇ. "ನಾಳೆ ಖಂಡಿತ ಕೊಡ್ತೀನಿ" ಅನ್ನೋದೊಂದನ್ನು ಬಿಟ್ಟರೆ ಟೈಲರ್ ಬಾಯಲ್ಲಿ ಸುಳ್ಳು ಬರೋದಿಲ್ಲ.

ವಿಷಯ ಇಷ್ಟೇ. ನನ್ನ ಅಕ್ಕನ ಮಗಳು, ಮೂರನೇ ಕ್ಲಾಸಿನ ನಮ್ಮ ಗುಬ್ಬಿ. ಅವಳನ್ನು ಸೋಮವಾರದಿಂದ ಕಿಟಕಿ ಪಕ್ಕದ ಕೊನೇ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದ್ದೀರಿ. ಯಾಕಂತೆ? ತಲೆಯಲ್ಲಿ ಹೇನಂತೆ! ಅಲ್ಲ ಮೇಡಂ, ಕೂದಲಿರೋ ತಲೆಯಲ್ಲಿ ಹೇನಿರದೆ ಆನೆ ಇರುತ್ತಾ? ಇಲಿ ಬಂತು ಅಂತ ಮನೆಗೆ ಬೆಂಕಿ ಇಡ್ತಾರಾ ಯಾರಾದರೂ? ನಾಳೆ ಬೆಳಗ್ಗೆ ಅವಳು ಎರಡನೇ ಬೆಂಚಿಗೆ ವಾಪಸ್ ಬರಬೇಕು. ಅಷ್ಟು ಕೇಳೋದಕ್ಕೇ ಅಂಗಡಿ ಬಾಗಿಲು ಎಳೆದು ಬಂದಿದ್ದೀನಿ. ಕೇಳೋದಕ್ಕಲ್ಲ, ಹೇಳೋದಕ್ಕೆ!

ತಲೆ ಈಗ ಕ್ಲೀನ್. ನಿಮ್ಮ ಮೇಜಿನ ಗಾಜಿಗಿಂತ ಕ್ಲೀನ್. ಮೂರು ಸಂಜೆ, ಮೇಡಂ, ಮೂರು ಸಂಜೆ! ಮೆಷಿನ್ ಪಕ್ಕಕ್ಕೆ ತಳ್ಳಿ, ಬಿಳಿ ಲೈನಿಂಗ್ ಬಟ್ಟೆ ಹಾಸಿ, ಸಣ್ಣ ಹಲ್ಲಿನ ಹೇನಿನ ಬಾಚಣಿಗೆ ಹಿಡಿದು ಕೂತೆ. ಏನು ಹೇನುಗಳು ಅಂತೀರಿ! ಒಂದನ್ನು ಈ ಟೇಪಿನಲ್ಲೇ ಅಳೆದೆ. ಕಾಲಿಂಚು! ನಂಬೋದಿಲ್ಲವಾ? ಹಿಂಗಾಲ ಮೇಲೆ ಎದ್ದು ನಿಂತು, "ನನ್ನ ಅಳತೆ ಯಾಕೆ, ನನಗೂ ಯೂನಿಫಾರಮ್ಮಾ?" ಅನ್ನೋ ಹಾಗೆ ನೋಡಿತು. ಉಗುರ ಮೇಲಿಟ್ಟು ಚಟ್ ಅಂತ ಕುಕ್ಕಿದೆ ನೋಡಿ, ಎದುರುಮನೆಯವರು ಟೈರು ಸಿಡಿಯಿತೇನೋ ಅಂತ ಓಡಿಬಂದರು. ಸೀರುಗಳಂತೂ... ಹೇನು ಬಿಡಿ, ಓಡುತ್ತೆ, ಸಿಗುತ್ತೆ. ಅದರ ಮೊಟ್ಟೆ ಇದೆಯಲ್ಲ, ಸೀರು, ಒಂದೊಂದು ಕೂದಲಿಗೂ ಗುಂಡಿ ಹೊಲಿದ ಹಾಗೆ ಕಚ್ಚಿಕೊಂಡಿರುತ್ತೆ. ಅದೂ ಡಬಲ್ ಹೊಲಿಗೆ! ಮೂವತ್ತು ವರ್ಷದ ಅನುಭವಸ್ಥ ನಾನು, ಬಾಯಿಬಿಟ್ಟು ಹೇಳ್ತೀನಿ, ನನ್ನ ಗುಂಡಿಗಳೂ ಹಾಗೆ ನಿಲ್ಲೋದಿಲ್ಲ. ಗೊತ್ತು, ಗೊತ್ತು, ನಿಮ್ಮ ಮಕ್ಕಳೆಲ್ಲ ಪಿನ್ನು ಚುಚ್ಚಿಕೊಂಡು ಬರ್ತಾರೆ, ಅದು ಬೇರೆ ವಿಷಯ.

ಗುಬ್ಬಿ ಏನಂದಳು ಅಂತೀರಾ? ಏನೂ ಅನ್ನಲಿಲ್ಲ. ಮೂರು ಸಂಜೆಯೂ ನನ್ನ ಮಂಡಿಗಳ ನಡುವೆ ಕೂತಳು, ಅಷ್ಟೇ. ಸುಸ್ತು, ಪಾಪ. ಮಕ್ಕಳಿಗೆ ಸುಸ್ತಾಗುತ್ತೆ.

ಡೈರಿಯಾ? ಇಲ್ಲೇ ಇದೆಯಾ ಅದು? ಅದೊಂದು ತಮಾಷೆ, ಕೇಳಿ. ಹೋದ ಶುಕ್ರವಾರ ಕ್ಲಾಸ್ ಟೀಚರ್ ಅದರಲ್ಲಿ ಬರೆದು ಕಳಿಸಿದ್ದರು. ನಾನು ಒಂದು ಪ್ಯಾಂಟಿನ ಪಟ್ಟಿ ಕೂರಿಸ್ತಾ ಇದ್ದೆ, ಬಾಯಲ್ಲಿ ನಾಲ್ಕು ಪಿನ್ನು. "ಓದೇ" ಅಂದೆ. ಅವಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಹಲ್ಲಿದ್ದಾಗಲೂ ಅಷ್ಟೇ, ನನ್ನೊಬ್ಬನನ್ನು ಬಿಟ್ಟರೆ ನಮ್ಮ ಮನೆಯವರ ಬಾಯಿಗೆ 'ಹ' ಬಂದದ್ದೇ ಇಲ್ಲ. ನಮ್ಮಲ್ಲಿ ಹಾಲು ಆಲೇ, ಹಲ್ಲು ಅಲ್ಲೇ. ಟೀಚರ್ ಬರೆದದ್ದು "ನಿಮ್ಮ ಮಗುವಿನ ತಲೆಯಲ್ಲಿ ಹೇನಿದೆ, ನೋಡಿ". ಇವಳು ಓದಿದ್ದು "ನಿಮ್ಮ ಮಗುವಿನ ತಲೆಯಲ್ಲಿ ಏನಿದೆ, ನೋಡಿ"! ಅವತ್ತೇ ಲೆಕ್ಕದಲ್ಲಿ ಹತ್ತಕ್ಕೆ ಹತ್ತು ತಂದಿದ್ದಳು. ಓಹೋ, ಟೀಚರ್ ಬೆರಗಾಗಿದ್ದಾರೆ, ಇಷ್ಟು ಬುದ್ಧಿ ಈ ತಲೆಯಲ್ಲಿ ಹೇಗೆ ಅಂತ ಕೇಳಿದ್ದಾರೆ ಅಂದುಕೊಂಡೆ. "ಬರಿಯೇ ಉತ್ತರ" ಅಂದೆ. "ನೋಡಿದೆ. ಬೇಕಾದಷ್ಟಿದೆ." ನಾನು ಹೇಳಿದೆ, ಅವಳು ಬರೆದಳು, ನಾನು ಸಹಿ ಜಡಿದೆ. ಹಹ್ಹಾ! ಅಷ್ಟೇ. ಅಷ್ಟೇ ಬರೆಸಿದ್ದು. ಮುಚ್ಚಿಡಿ ಇನ್ನು ಅದನ್ನ.

ಮುಖ್ಯ ಮಾತಿಗೆ ಬರ್ತೀನಿ. ಈ ಹೇನು ಬಂದದ್ದೆಲ್ಲಿಂದ? ಆ ಹುಡುಗಿಯಿಂದ! ಬಸ್ ಕಂಡಕ್ಟರ್ ಮಗಳು, ಮಕ್ಕಳೆಲ್ಲ ಟಿಕೀಟು ಅಂತ ಕರೀತಾರಲ್ಲ, ಎರಡನೇ ಬೆಂಚಿನಲ್ಲಿ ಗುಬ್ಬಿಗೆ ಅಂಟಿಕೊಂಡೇ ಕೂರೋಳು. ಎರಡು ತಲೆ, ಒಂದು ಪುಸ್ತಕ. ಹೇನಿಗೆ ಸೇತುವೆ ಬೇರೆ ಕಟ್ಟಬೇಕಾ? ಸೋಮವಾರ ಗೇಟಿನ ಹತ್ತಿರ ಹತ್ತು ಜನ ಅಮ್ಮಂದಿರ ಮುಂದೆ ಹೇಳಿದೆ, ಕೂಗಿಯೇ ಹೇಳಿದೆ. ನನ್ನ ಹತ್ತಿರ ಮುಚ್ಚುಮರೆ ಇಲ್ಲ. ಮಾರನೇ ದಿನ ಅವಳನ್ನೂ ಬಾಗಿಲ ಮೂಲೆಗೆ ಹಾಕಿದಿರಿ. ಸರಿ, ನ್ಯಾಯ. ಈಗ ನಮ್ಮವಳನ್ನು ಮುಂದಕ್ಕೆ ತನ್ನಿ.

ತಲೆ ಅಲ್ಲಾಡಿಸ್ತೀರಾ? ಏನು, ಟಿಕೀಟಿನ ತಲೆಯಲ್ಲಿ ಒಂದೂ ಸಿಗಲಿಲ್ಲವಾ? ಒಂದು ಸೀರೂ ಇಲ್ಲವಾ? ಹಾಂ... ಕಂಡಕ್ಟರ್ ಮನೆಯ ಹೇನು ಮೇಡಂ, ಸ್ಟಾಪ್ ಬಂದ ಕೂಡಲೆ ಇಳಿದುಹೋಗಿರುತ್ತೆ.

ನಗಲಿಲ್ಲ ನೀವು.

ಏನು ಹಾಗೆ ನೋಡ್ತೀರಿ? ಕೈಯಾ? ತಲೆ ಕೆರೆದುಕೊಳ್ತಾ ಇಲ್ಲ, ಯೋಚನೆ ಮಾಡ್ತಾ ಇದ್ದೀನಿ. ಯೋಚನೆ ಬಂದಾಗ ನನ್ನ ಕೈ ತಾನೇ ಮೇಲಕ್ಕೆ ಹೋಗುತ್ತೆ. ಕೂದಲು ನೋಡ್ತಿದ್ದೀರಾ, ನೋಡಿ, ನೋಡಿ! ಈ ವಯಸ್ಸಿಗೆ ಭುಜದ ತನಕ ಇಷ್ಟು ದಟ್ಟ ಕೂದಲು ಈ ಬೀದಿಯಲ್ಲಿ ಇನ್ಯಾರಿಗಿದೆ? ಒಮ್ಮೆ ಪಿನ್ನಿನ ಡಬ್ಬಿ ಕಳೆದುಹೋಗಿ, ಒಂದು ವಾರ ಹುಡುಕಿ, ಕೊನೆಗೆ ಇದರೊಳಗೇ ಸಿಕ್ಕಿತು. ಜೇಬಿನದಾ? ಬಾಚಣಿಗೆ. ಗಂಡಸರು ಬಾಚಣಿಗೆ ಇಟ್ಟುಕೊಳ್ಳಬಾರದಾ? ಅಕ್ಕನಿಗೆ ಬೆಳಗಿನ ಪಾಳಿ, ಕತ್ತಲಲ್ಲೇ ಹೊರಡ್ತಾಳೆ. ಗುಬ್ಬಿಗೆ ಜಡೆ ಹಾಕೋನು ನಾನು, ಒಂದನೇ ಕ್ಲಾಸಿನಿಂದ. ನನ್ನ ಬೈತಲೆ ನೋಡಿದ್ದೀರಾ? ಸ್ಕೇಲಿಟ್ಟು ಸೀಮೆಸುಣ್ಣ ಎಳೆದ ಹಾಗೆ. ಇದೇ ಬಾಚ... ಇದಲ್ಲ. ಬೇರೆ. ಬೇರೆ ಬಾಚಣಿಗೆ ಇದೆ.

ಮತ್ತೆ ಯಾಕೆ ಡೈರಿ ತೆರೆದಿರಿ? ಕನ್ನಡಕ ತಂದಿಲ್ಲ ಮೇಡಂ, ಅಂಗಡಿಯಲ್ಲೇ... ಅಯ್ಯೋ, ನಿಮ್ಮದು ಕೊಡ್ತೀರಾ? ಬೇಡ, ನಿಮ್ಮ ನಂಬರ್ ನನಗೆ... ಆಗುತ್ತೆ. ಚೆನ್ನಾಗೇ ಕಾಣುತ್ತೆ. ಕೆಂಪು ಗೆರೆ ಎಳೆದಿದ್ದೀರಿ. ಓದಬೇಕಾ? ಗಟ್ಟಿಯಾಗಾ?

ಇದು ಟೀಚರದು. "ತಲೆಯಲ್ಲಿ ಹೇನಿದೆ, ನೋಡಿ. ಎಲ್ಲಿಂದ ಬಂತು? ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ?"

ಇದು ನಮ್ಮದು. "ನೋಡಿದೆ. ಬೇಕಾದಷ್ಟಿದೆ. ಇದು... ಇದು ಇವಳಿಗೆ ಸೋದರಮಾವನ ತಲೆಯಿಂದಲೇ ಬಂದದ್ದು. ನನ್ನ ತಲೆಯಲ್ಲಿ ಇದರ ಹತ್ತರಷ್ಟಿದೆ. ಬೇಕಿದ್ದರೆ ಇಡೀ ಕ್ಲಾಸಿಗೆ ಹಂಚುವಷ್ಟಿದೆ."

ಅದು ಬುದ್ಧಿ ಬಗ್ಗೆ ಬರೆಸಿದ್ದು ಮೇಡಂ! ಬುದ್ಧಿ!

ಏನಾದರೂ ಅನ್ನಿ. ಬೈಯಿರಿ. ಗುಬ್ಬಿಯೂ ಹೀಗೇ ಸುಮ್ಮನಿರೋದು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನೋಡಿ, ಮತ್ತೆ ತಲೆಯಲ್ಲೇ ಇದೆ. ಈ ದರಿದ್ರ ಕೈ!

ಸೋಮವಾರ ಸಂಜೆ, ಗೇಟಿನಲ್ಲಿ ಕೂಗಾಡಿ ಬಂದಮೇಲೆ, ಗುಬ್ಬಿಯ ತಲೆ ಮುಗಿಸಿ ಸುಮ್ಮನೆ ಅದೇ ಬಾಚಣಿಗೆ ನನ್ನ ತಲೆಗೂ ಎಳೆದೆ. ಬಿಳಿ ಬಟ್ಟೆ ಮೇಲೆ ಉದುರಿದವು ಮೇಡಂ, ಎಳ್ಳು ಚೆಲ್ಲಿದ ಹಾಗೆ. ಅದಕ್ಕೂ ಎರಡು ವಾರದ ಮೊದಲಿಂದ ತುರಿಕೆ ಇತ್ತು. ಉಣ್ಣೆ ಬಟ್ಟೆಯ ಧೂಳು ಅಂದುಕೊಂಡಿದ್ದೆ. ತಿರುಗಿ ನೋಡಿದರೆ ಗುಬ್ಬಿ ನಿಂತಿದ್ದಾಳೆ. ಬಟ್ಟೆ ನೋಡಿದಳು, ನನ್ನ ನೋಡಿದಳು. ಒಳಗೆ ಹೋದಳು. ಯಾರಿಗೂ ಹೇಳಲಿಲ್ಲ, ಅವಳ ಅಮ್ಮನಿಗೂ ಹೇಳಲಿಲ್ಲ. ಇವತ್ತು ಬೆಳಗ್ಗೆ ತಾನೇ ಜಡೆ ಹಾಕಿಕೊಂಡು ಬಂದಿದ್ದಾಳೆ. ನೋಡಿರುತ್ತೀರಿ, ಒಂದು ಕಿವಿಯ ಮೇಲೆ, ಒಂದು ಕುತ್ತಿಗೆಯ ಕೆಳಗೆ. ನನ್ನ ಬೈತಲೆ ಬೇಡವಂತೆ ಅವಳಿಗೆ.

ಕೂತ್ಕೊಳ್ತೀನಿ ಮೇಡಂ.

ಹಾಗಂತ ಸೋತೆ ಅಂದುಕೊಳ್ಳಬೇಡಿ! ಬಂದ ಕೆಲಸ ಬಿಡೋನಲ್ಲ ನಾನು. ನಾಳೆ ಬೆಳಗ್ಗೆ ಗುಬ್ಬಿ ಎರಡನೇ ಬೆಂಚಿಗೆ ಬರಬೇಕು. ಅವಳ ಪಕ್ಕದಲ್ಲಿ ಟಿಕೀಟು ಇರಬೇಕು. ಗೇಟಿನ ಹತ್ತಿರ ಆ ಹತ್ತು ಜನ ಅಮ್ಮಂದಿರ ಮುಂದೆ ನಾನೇ ನಿಂತು ಹೇನು ನನ್ನ ತಲೆಯದು ಅಂತ ಕೂಗ್ತೀನಿ, ಸೋಮವಾರದ್ದಕ್ಕಿಂತ ಜೋರಾಗಿ, ಆ ಕಂಡಕ್ಟರ್ ಬಸ್ಸಿನಲ್ಲೇ ಕೇಳಬೇಕು, ಹಾಗೆ. ಅದಕ್ಕೂ ಮೊದಲು ಆ ಟಿಕೀಟು ಮಗುವನ್ನು ಇಲ್ಲಿಗೆ ಕರೆಸಿ. ಅವಳಿಗೆ ಮೆಲ್ಲಗೆ ಹೇಳಬೇಕು. ಕೊನೇ ಬೆಂಚಿನಲ್ಲಿ ಯಾರಾದರೂ ಕೂರಲೇಬೇಕು ಅಂದರೆ ನಾನಿದ್ದೀನಿ, ಮಂಡಿ ಮಡಿಸಿ ಹೇಗೋ ಹಿಡಿಸ್ತೀನಿ. ಕೂದಲಾ? ಕತ್ತರಿ ಜೇಬಲ್ಲೇ ಇದೆ. ಗುಬ್ಬಿ ಕೈಗೇ ಕೊಡ್ತೀನಿ. ಅವಳ ಜಡೆಯ ಹಾಗೇ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಕತ್ತರಿಸಲಿ. ಹಾಗೇ ಓಡಾಡ್ತೀನಿ.

ಆಣೆ ಇಟ್ಟಿದ್ದೆನಲ್ಲ. ಹೇಳಿದ್ದೆಲ್ಲ ನಿಜವೇ ಮೇಡಂ. ಟಿಕೀಟಿನ ತಲೆಯಲ್ಲಿ ಹೇನಿತ್ತು ಅನ್ನೋ ಒಂದು ಚಿಕ್ಕ ವಿವರ ಮಾತ್ರ ನಾನೇ ಹೊಲಿದದ್ದು.

ಕಾಲಿಂಚಿನ ಹೇನು ನಿಜ.